ಎಡಗಣ್ಣು, ಬಲಗೈ
ಪಾರ್ಶ್ವವಾಯುವೆಂಬ ಶಬ್ದವು ಒಂದೇ ಪಾರ್ಶ್ವವನ್ನು ಸೂಚಿಸುತ್ತದೆ. ಆದರೆ ಎಡಗಣ್ಣಿನ ರೆಪ್ಪೆ ಜೋತು, ಬಲಗೈ ಬಲಗಾಲುಗಳು ಸೋಲುವ ವಿರಳ ಪ್ರಭೇದವೊಂದುಂಟು. ಜರ್ಮನಿಯಲ್ಲಿ ಜನಿಸಿ ಲಂಡನ್ನಿನಲ್ಲಿ ವೈದ್ಯರಾಗಿದ್ದ ಹರ್ಮನ್ ವೆಬರರು 1863ರಲ್ಲಿ ಇದನ್ನು ವಿವರಿಸಿದರು. ಅವರ ಹೆಸರೇ ಇದಕ್ಕೆ ನಿಂತಿತು.

ವಿದ್ಯಾರ್ಥಿಗಳು ಕಾರಣವನ್ನು ಗಮನಿಸಬೇಕು. ಮಧ್ಯಮಿದುಳಿನಲ್ಲಿ ಕಣ್ಣನ್ನು ಚಲಿಸುವ ಮೂರನೆಯ ಕಪಾಲನರವೂ ಕೈಕಾಲುಗಳಿಗೆ ಆಜ್ಞೆಯನ್ನೊಯ್ಯುವ ತಂತುಗಳೂ ನೆರೆಹೊರೆಯಲ್ಲಿವೆ. ಅಲ್ಲಿಯ ರಕ್ತನಾಳ ಮುಚ್ಚಿದರೆ ಎರಡೂ ಒಮ್ಮೆಗೇ ಕೆಡುತ್ತವೆ. ನರವು ತನ್ನ ಪಕ್ಕದ ಕಣ್ಣನ್ನೇ ಸೇರುತ್ತದೆ. ತಂತುಗಳಾದರೋ ಕೆಳಗಿಳಿದು, ಮಿದುಳುಕಾಂಡದ ತುದಿಯಲ್ಲಿ ಬಹುಪಾಲು ಎದುರು ಪಕ್ಕಕ್ಕೆ ದಾಟುತ್ತವೆ.

ಲಕ್ವ ಹೊಡೆಯಿತೆಂದು ಎಣ್ಣೆ ತಿಕ್ಕುತ್ತ ಕುಳಿತರೆ ವೇಳೆ ಮೀರುತ್ತದೆ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡತಕ್ಕದ್ದು. ಅದಕ್ಕೂ ಮುನ್ನ ಮಿದುಳಿನ ಚಿತ್ರ ತೆಗೆದು, ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆ ವೇಳೆಯೂ ಈ ಲೆಕ್ಕದೊಳಗೇ ಸೇರಿದೆ.