ಹಳೆಯ ಮೋಟಾರು ಸೈಕಲ್ಲಿನ ಸೂಚಕ ದೀಪಗಳು: ದೋಷಪತ್ತೆ ಮತ್ತು ದುರಸ್ತಿ

ಮೋಟಾರು ಸೈಕಲ್ಲಿನ ವೇಗಮಾಪಕದ ಬಳಿ ಇರುವ ಕೆಂಪು, ಹಸಿರು, ಹಳದಿ ಬಣ್ಣದ ಪುಟ್ಟ ದೀಪಗಳು ಅಲಂಕಾರಕ್ಕಾಗಿ ಇರುವಂಥವಲ್ಲ. ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿದೆಯೇ, ಗೇರು ತಟಸ್ಥ ಸ್ಥಾನದಲ್ಲಿದೆಯೇ, ತಿರುವಿನ ಸಂಕೇತ ಹೊರಗೆ ಬೀಳುತ್ತಿದೆಯೇ ಎಂಬುದನ್ನು ಅವು ಸವಾರನಿಗೆ ತಿಳಿಸುತ್ತವೆ. ಇಂತಹ ದೀಪ ಸುಳ್ಳು ಹೇಳತೊಡಗಿದರೆ, ದೀಪವೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯ. ಗೇರು ಬಿದ್ದಿರುವಾಗಲೂ ಹಸಿರು ದೀಪ ಬೆಳಗುತ್ತಿದ್ದರೆ, ಅದನ್ನು ನಂಬಿ ಕಿಕ್ ಹೊಡೆದವನ ವಾಹನ ಮುಂದಕ್ಕೆ ಜಿಗಿದೀತು. ಕೆಂಪು ದೀಪದ ಬಲ್ಬು ಸುಟ್ಟುಹೋಗಿದ್ದರೆ, ಬ್ಯಾಟರಿ ಬರಿದಾಗುತ್ತಿರುವುದು ತಿಳಿಯದೆ ರಾತ್ರಿಯ ವೇಳೆ ಹೆದ್ದಾರಿಯಲ್ಲಿ ಮುಂದೀಪವೂ ಇಂಜಿನ್ನೂ ಒಟ್ಟಿಗೇ ನಿಂತುಹೋದಾವು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಮೋಟಾರು ಸೈಕಲ್ಲುಗಳು ತಯಾರಾದವು. ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅಲ್ಲಿಂದ ಹೊರಬಂದ ವಾಹನಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ದೇಶದ ಹಲವು ನಗರಗಳಲ್ಲಿದ್ದಾರೆ. 6 ವೋಲ್ಟಿನ ಡೈನಮೊ ಇರುವ ಇಂತಹ ವಾಹನಗಳ ವಿದ್ಯುತ್ ಏರ್ಪಾಟು ಸರಳವಾದುದು. ತಾಳ್ಮೆಯುಳ್ಳವನು ಮನೆಯಲ್ಲಿಯೇ ಪರೀಕ್ಷಿಸಬಹುದು.

ದೀಪ ಹತ್ತದಿದ್ದೊಡನೆ ಬಲ್ಬು ಬದಲಿಸುವುದು ರೂಢಿ. ಆದರೆ ಹಳೆಯ ವಾಹನಗಳಲ್ಲಿ ದೋಷ ಬಹುಮಟ್ಟಿಗೆ ಸಂಪರ್ಕ ಸ್ಥಾನಗಳಲ್ಲಿರುತ್ತದೆ. ಇಂತಹ ವಾಹನಗಳಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ಲೋಹದ ಚೌಕಟ್ಟೇ. ಇದನ್ನೇ ಅರ್ತ್ ಎನ್ನುತ್ತಾರೆ. ಚೌಕಟ್ಟಿಗೆ ತಂತಿ ಬಿಗಿದಿರುವಲ್ಲಿ ತುಕ್ಕು ಅಥವಾ ಬಣ್ಣದ ಪದರ ಸೇರಿದರೆ ಆ ದಾರಿ ಕಟ್ಟಿಹೋಗುತ್ತದೆ. ಮುಂಬೈ, ಚೆನ್ನೈಗಳಂತಹ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿಯಿಂದ ಹೋಲ್ಡರಿನ ಹಿತ್ತಾಳೆ ತಗಡು ಹಸಿರುಗಟ್ಟುವುದು ಇನ್ನೂ ಬೇಗ. ಬ್ಯಾಟರಿಯ ತಂತಿಯನ್ನು ಬಿಚ್ಚಿಟ್ಟು, ಈ ಜಾಗಗಳನ್ನು ನಯವಾದ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯುವುದು ಮೊದಲ ಕೆಲಸ. ಹೊಸ ಬಲ್ಬು ಬೇಕೇ ಆದಲ್ಲಿ ವೋಲ್ಟನ್ನು ನೋಡಿ ಕೊಳ್ಳತಕ್ಕದ್ದು. 6 ವೋಲ್ಟಿನ ವಾಹನದಲ್ಲಿ 12 ವೋಲ್ಟಿನ ಬಲ್ಬು ಮಂಕಾಗಿ ಉರಿಯುತ್ತದೆ. ತಿರುಗುಮುರುಗಾದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಕೆಂಪು ದೀಪ ಬ್ಯಾಟರಿಗೂ ಡೈನಮೊಗೂ ನಡುವೆ ಇರುತ್ತದೆ. ಕೀಲಿ ತಿರುಗಿಸಿದಾಗ ಬ್ಯಾಟರಿಯ ವಿದ್ಯುತ್ತು ಬಲ್ಬಿನ ಮೂಲಕ ಡೈನಮೊ ಕಡೆಗೆ ಹರಿಯುವುದರಿಂದ ಅದು ಬೆಳಗುತ್ತದೆ. ಇಂಜಿನ್ ವೇಗ ಪಡೆದು ಡೈನಮೊ ಬ್ಯಾಟರಿಗೆ ಸರಿಸಮನಾದ ವೋಲ್ಟನ್ನು ಉತ್ಪಾದಿಸಿದಾಗ ಎರಡು ಕಡೆಯ ಒತ್ತಡ ಸಮವಾಗಿ ದೀಪ ಆರುತ್ತದೆ. ಆದುದರಿಂದ ಕೀಲಿ ತಿರುಗಿಸಿದಾಗ ದೀಪ ಹತ್ತದಿದ್ದರೆ ಬಲ್ಬನ್ನೂ ಬ್ಯಾಟರಿಯ ತಂತಿಗಳನ್ನೂ ಡೈನಮೊದ ಕಾರ್ಬನ್ ಬ್ರಷ್ಷುಗಳನ್ನೂ ನೋಡಬೇಕು. ಇಂಜಿನ್ ವೇಗವಾಗಿ ಓಡುವಾಗಲೂ ಆರದಿದ್ದರೆ ದೋಷ ದೀಪದ್ದಲ್ಲ. ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿಲ್ಲ. ಸವೆದ ಬ್ರಷ್ಷು, ಮಸಿ ಹಿಡಿದ ಕಮ್ಯುಟೇಟರ್, ಕೆಟ್ಟ ರೆಗ್ಯುಲೇಟರ್ ಇದಕ್ಕೆ ಕಾರಣಗಳು. ಇಂಜಿನ್ ನಿಧಾನವಾಗಿ ತಿರುಗುವಾಗ ದೀಪ ಮಿಣುಕುವುದು ಸಹಜ. ಆ ಮಿಣುಕು ಕಿರಿಕಿರಿಯೆಂದು ಬಲ್ಬನ್ನೇ ತೆಗೆದಿಡುವವರೂ ಇದ್ದಾರೆ, ಇದು ಸಲ್ಲದು.

ಹಸಿರು ದೀಪದ ಪರೀಕ್ಷೆ ಸುಲಭ. ಗೇರು ಪೆಟ್ಟಿಗೆಯ ಮೇಲಿನ ಸಣ್ಣ ಸ್ವಿಚ್ಚು ತಟಸ್ಥ ಸ್ಥಾನದಲ್ಲಿ ಬಲ್ಬಿನ ತಂತಿಯನ್ನು ಅರ್ತಿಗೆ ಕೂಡಿಸುತ್ತದೆ. ಕೀಲಿ ತಿರುಗಿಸಿ, ಆ ತಂತಿಯನ್ನು ಸ್ವಿಚ್ಚಿನಿಂದ ಬಿಡಿಸಿ ಇಂಜಿನ್ನಿನ ಬರಿಯ ಲೋಹಕ್ಕೆ ಮುಟ್ಟಿಸಿದಾಗ ದೀಪ ಹತ್ತಿದರೆ ಸ್ವಿಚ್ಚು ಕೆಟ್ಟಿದೆ. ಹತ್ತದಿದ್ದರೆ ಬಲ್ಬು ಅಥವಾ ತಂತಿ ಕೆಟ್ಟಿದೆ. ತಂತಿಯನ್ನು ಎಲ್ಲಿಯೂ ಮುಟ್ಟಿಸದೆ ಹಿಡಿದಿದ್ದರೂ ದೀಪ ಉರಿಯುತ್ತಿದ್ದರೆ, ಅದರ ಹೊದಿಕೆ ಎಲ್ಲೋ ಸವೆದು ಚೌಕಟ್ಟಿಗೆ ತಗಲುತ್ತಿದೆ ಎಂದೇ ಅರ್ಥ. ಹ್ಯಾಂಡಲ್ ತಿರುಗುವ ಕತ್ತಿನ ಭಾಗವನ್ನೂ ಇಂಧನ ಟ್ಯಾಂಕಿನ ಅಡಿಯನ್ನೂ ಮೊದಲು ಹುಡುಕುವುದು ಲೇಸು.

ತಿರುವು ಸೂಚಕಗಳಿರುವ ಮಾದರಿಗಳಲ್ಲಿ ದೀಪ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಗಡಿಯಾರ ಹಿಡಿದು ಎಣಿಸಿದರೆ ಸಾಕು. ನೋಂದಣಿಯ 15 ವರ್ಷ ಮುಗಿದ ವಾಹನವನ್ನು ನವೀಕರಣದ ತಪಾಸಣೆಗೆ ಒಯ್ಯುವ ಮುನ್ನ ಈ ಎಣಿಕೆ ಮಾಡಿಕೊಳ್ಳುವುದು ಒಳಿತು. ಒಂದು ಬದಿಯ ಮಿನುಗು ಮಾತ್ರ ವ್ಯತ್ಯಾಸವಾದರೆ ಆ ಬದಿಯ ಬಲ್ಬು ಅಥವಾ ಅರ್ತ್ ಕೆಟ್ಟಿರುತ್ತದೆ. ಎರಡೂ ಬದಿ ಕೆಟ್ಟಿದ್ದರೆ ಬ್ಯಾಟರಿಯನ್ನೂ ಫ್ಲ್ಯಾಷರನ್ನೂ ಶಂಕಿಸಬೇಕು.

ಹಳೆಯ ಬಲ್ಬುಗಳ ಜಾಗದಲ್ಲಿ ಎಲ್‌ಇಡಿ ದೀಪಗಳನ್ನು ಹಾಕಿದವರಿಗೆ ವಿಚಿತ್ರವಾದ ತೊಂದರೆ ಎದುರಾಗುವುದುಂಟು: ಎಡಕ್ಕೆ ಒತ್ತಿದರೂ ನಾಲ್ಕು ದೀಪಗಳೂ ಮಿನುಗುತ್ತವೆ. ಎರಡು ಬದಿಗೂ ಸೇರಿ ಒಂದೇ ಸೂಚಕ ಬಲ್ಬಿರುವ ವಾಹನಗಳಲ್ಲಿ, ಆ ಬಲ್ಬು ಎಡ ಬಲ ತಂತಿಗಳ ನಡುವೆ ಇರುತ್ತದೆ. ಎಲ್‌ಇಡಿಗೆ ಅತ್ಯಲ್ಪ ವಿದ್ಯುತ್ತು ಸಾಕಾದ್ದರಿಂದ, ಬಲ್ಬಿನ ಮೂಲಕ ಹಾದದ್ದೇ ಎದುರು ಬದಿಯನ್ನು ಬೆಳಗುತ್ತದೆ. ಬ್ಯಾಟರಿಯ ಋಣ ತುದಿ ಚೌಕಟ್ಟಿಗೆ ಸೇರಿರುವ ವಾಹನವಾದರೆ, ಎಡ ಬಲ ತಂತಿಗಳಿಗೆ ಒಂದೊಂದು ಡಯೋಡು ಜೋಡಿಸಿ, ಬೆಳ್ಳಿಗೆರೆಯ ತುದಿಗಳೆರಡನ್ನೂ ಒಟ್ಟುಗೂಡಿಸಿ ಬಲ್ಬಿನ ಒಂದು ತುದಿಗೆ ಕೊಟ್ಟು, ಇನ್ನೊಂದು ತುದಿಯನ್ನು ಅರ್ತಿಗೆ ಬಿಗಿಯಬೇಕು. 6 ವೋಲ್ಟಿನ ವಾಹನದಲ್ಲಿ ಆ ಬಲ್ಬಿನ ಬೆಳಕು ತುಸು ಮಂದವಾಗುವುದು ದೋಷವಲ್ಲ. ಎಲ್‌ಇಡಿ ಹಾಕಿದ ಮೇಲೆ ಮಿನುಗು ವಿಪರೀತ ವೇಗವಾದರೆ ಅಥವಾ ನಿಂತೇಹೋದರೆ ಎಲ್‌ಇಡಿಗೆ ಹೊಂದುವ ಫ್ಲ್ಯಾಷರನ್ನು ಹಾಕಬೇಕು.

ಕೆಲಸದ ನಡುವೆ ಫ್ಯೂಸು ಹಾರಿದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕತಕ್ಕದ್ದು. ಅದರ ಬದಲಿಗೆ ತಾಮ್ರದ ತಂತಿ ಸುತ್ತಿದಲ್ಲಿ, ಮುಂದಿನ ದೋಷಕ್ಕೆ ಇಂಧನ ಟ್ಯಾಂಕಿನ ಅಡಿಯ ತಂತಿಗಳೇ ಹೊತ್ತಿಕೊಳ್ಳಬಹುದು.