ಗಿಡ ಹಳದಿ ಬಿದ್ದರೆ ಮೊದಲು ಯಾವ ಎಲೆ ನೋಡಬೇಕು?

ಹಿತ್ತಲ ಗಿಡ ಹಳದಿ ಬಿತ್ತೆಂದರೆ ನಮ್ಮ ಕಡೆ ಎರಡೇ ಮದ್ದು. ಒಂದು ಹಿಡಿ ಯೂರಿಯಾ, ಇಲ್ಲಾ ಅಂಗಡಿಯವರು ಕೊಟ್ಟ ಎಣ್ಣಿ. ರೋಗ ಇದ್ದರೆ ಎಣ್ಣಿ ಬೇಕು. ಗಿಡಕ್ಕೆ ಹಸಿವಾಗಿದ್ದರೆ ಎಣ್ಣಿಯಿಂದ ಏನೂ ಆಗದು, ರೊಕ್ಕ ಹೋಗುತ್ತದೆ ಅಷ್ಟೇ. ಯಾವ ಹಸಿವು ಎಂಬುದನ್ನು ಎಲೆಯೇ ಹೇಳುತ್ತದೆ. ಏಳನೇ ತರಗತಿ ಓದಿದ ನಾನೇ ಗುರುತಿಸುತ್ತೇನೆ ಅಂದಮೇಲೆ ನಿಮಗೂ ಕಷ್ಟವಲ್ಲ.

ಮೊದಲು ನೋಡಬೇಕಾದ್ದು ಒಂದೇ: ಹಳದಿ ಬಿದ್ದದ್ದು ಕೆಳಗಿನ ಹಳೆ ಎಲೆಯೋ, ತುದಿಯ ಹೊಸ ಎಲೆಯೋ?

ಹಳೆ ಎಲೆಯಾದರೆ: ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುವಂಥವು. ಕಡಿಮೆ ಬಿದ್ದಾಗ ಗಿಡ ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಮನೆಯಲ್ಲಿ ಜ್ವಾಳ ಕಡಿಮೆ ಆದಾಗ ಹಿರಿಯರು ಹಸಿದು ಮಕ್ಕಳಿಗೆ ಉಣಿಸಿದ ಹಾಗೆ. ಇಡೀ ಎಲೆ ಒಂದೇ ಸಮ ಹಳದಿಯಾದರೆ ಸಾರಜನಕದ ಕೊರತೆ. ನರ ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಅಂಚು ಸುಟ್ಟಂತಾದರೆ ಪೊಟ್ಯಾಷ್. ಆದರೆ ಸವುಳು ನೀರು ಹಾಕಿದರೂ ಅಂಚು ಸುಡುತ್ತದೆ, ಅದನ್ನೂ ಗಮನಿಸಿರಿ.

ಹೊಸ ಎಲೆಯಾದರೆ: ಕಬ್ಬಿಣ, ಸತು ಹಾಗೆ ಸುಲಭವಾಗಿ ಓಡಾಡುವುದಿಲ್ಲ. ಚಿಗುರು ಬಿಳಿಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ. ನಿಂಬೆಯಲ್ಲಿ ಎಲೆ ಸಣ್ಣದಾಗಿ, ಕಿರಿದಾಗಿ, ಹಳದಿ ಮಚ್ಚೆ ಬಂದರೆ ಸತು.

ಬಾಗಲವಾಡದಂಥ ನಮ್ಮ ಎರೆ ಭೂಮಿಯವರು ಈ ಎರಡನ್ನು ಚೆನ್ನಾಗಿ ತಿಳಿದಿರಬೇಕು. ಎರೆಯಲ್ಲಿ ಸುಣ್ಣದ ಅಂಶ ಹೆಚ್ಚು. ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಸಿಗದ ಹಾಗೆ ಅದು ಕಟ್ಟಿಹಾಕುತ್ತದೆ. ಬುಡದಲ್ಲಿ ನೀರು ನಿಂತರಂತೂ ಇನ್ನೂ ಕಷ್ಟ. ಅದಕ್ಕೇ ಬುಡಕ್ಕೆ ಹಾಕುವುದಕ್ಕಿಂತ ಎಲೆಗೆ ಸಿಂಪಡಿಸಿದರೆ ಬೇಗ ಗುಣ.

ಅಳತೆ, ಒಂದು ಲೀಟರ್ ನೀರಿಗೆ:
ಸಾರಜನಕಕ್ಕೆ ಯೂರಿಯಾ 10 ಗ್ರಾಂ.
ಮೆಗ್ನೀಸಿಯಂ ಸಲ್ಫೇಟ್ 10 ಗ್ರಾಂ.
ಕಬ್ಬಿಣಕ್ಕೆ ಅನ್ನಭೇದಿ 5 ಗ್ರಾಂ, ಜೊತೆಗೆ ನಿಂಬೆ ಉಪ್ಪು 1 ಗ್ರಾಂ. ಅನ್ನಭೇದಿ ಹಸಿರಾಗಿರಬೇಕು. ಕಂದು ತಿರುಗಿದ್ದು ಬೇಡ.
ಸತುವಿಗೆ ಜಿಂಕ್ ಸಲ್ಫೇಟ್ 5 ಗ್ರಾಂ, ಸುಣ್ಣ ಎರಡೂವರೆ ಗ್ರಾಂ. ಸೋಸಿ ಹೊಡೆಯಿರಿ.
ಇವನ್ನು ಒಂದರೊಳಗೊಂದು ಬೆರೆಸಬೇಡಿರಿ. ಸಂಜೆ ತಂಪಿನಲ್ಲಿ ಹೊಡೆದು, 10-15 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಿರಿ.

ಅನುಮಾನವಿದ್ದರೆ ಇಡೀ ಗಿಡಕ್ಕೆ ಹೊಡೆಯುವ ಮೊದಲು ಒಂದೇ ಟೊಂಗೆಯ ಎಲೆಗೆ ಬಟ್ಟೆಯಿಂದ ಸವರಿ, ದಾರ ಕಟ್ಟಿ ಗುರುತಿಡಿರಿ. ಎಂಟು ಹತ್ತು ದಿನದಲ್ಲಿ ಅಷ್ಟೇ ಟೊಂಗೆ ಹಸಿರಾದರೆ ಕೊರತೆ ಅದೇ ಎಂದು ತಿಳಿಯಿರಿ. ಖರ್ಚು ಏನೂ ಇಲ್ಲ.

ರೋಗವೋ ಹಸಿವೋ ಎಂಬ ಗೊಂದಲ ತಿಳಿದವರಿಗೂ ಇತ್ತು. ಉತ್ತರದ ತರಾಯಿ ಸೀಮೆಯಲ್ಲಿ ಭತ್ತಕ್ಕೆ ‘ಖೈರಾ ರೋಗ’ ಬರುತ್ತಿತ್ತು. 1960ರ ದಶಕದಲ್ಲಿ ಪಂತನಗರದ ವಿಜ್ಞಾನಿ ವೈ. ಎಲ್. ನೆನೆ ಅದು ಸತುವಿನ ಕೊರತೆ ಎಂದು ತೋರಿಸಿದರು. ಸತು ಕೊಟ್ಟಲ್ಲಿ ಭತ್ತ ಚೇತರಿಸಿತು.

ಸಿಂಪಡಣೆ ಈ ಬೆಳೆಗಷ್ಟೇ. ಮಣ್ಣು ಸುಧಾರಿಸಬೇಕಾದರೆ ವರ್ಷವೂ ತಿಪ್ಪೆಗೊಬ್ಬರ ಬೇಕು, ನೀರು ಬಸಿದು ಹೋಗಬೇಕು. ಹಿತ್ತಲಲ್ಲಿ ಎಂಟು ಹತ್ತು ಕಡೆ ಗೇಣುದ್ದ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡಿರಿ. ಕೊಡುವಾಗ ‘ಕಬ್ಬಿಣ, ಸತುವನ್ನೂ ನೋಡಿರಿ’ ಎಂದು ಬಾಯಿಬಿಟ್ಟು ಕೇಳಿರಿ.