ಕಿಸೆಯ ಚಾಕುವಿಗೆ ಯಾವ ಉಕ್ಕು?

ಹೋದ ವರ್ಷ ಸಂತೆಯಲ್ಲಿ ಬೆಳ್ಳಗೆ ಹೊಳೆಯುವ ಮಡಚು ಚಾಕು ಕಂಡು ಮರುಳಾಗಿ ತಂದೆ. ನಾಲ್ಕು ಗೋಣಿಚೀಲ ಬಿಚ್ಚುವಷ್ಟರಲ್ಲಿ ಮೊಂಡಾಯ್ತು. ಬಲ ಹಾಕಿ ಹಗ್ಗ ಕೊಯ್ಯಲು ಹೋದೆ. ಜಾರಿ ಹೆಬ್ಬೆರಳಿಗೆ ಬಿತ್ತು, ನಾಲ್ಕು ಹೊಲಿಗೆ. ಶುಂಠಿ ನೆಡುವ ಹೊತ್ತಿನಲ್ಲಿ ಹದಿನೈದು ದಿನ ಸುಮ್ಮನೆ ಕೂತೆ. ಕೈ ಕೊಯ್ಯುವುದು ಹೆಚ್ಚಾಗಿ ಮೊಂಡು ಚಾಕುವೇ.

ಆಮೇಲೆ ಕುಪ್ಪಳ್ಳಿ ಕಡೆಯ ಆಚಾರರ ಕುಲುಮೆಯಲ್ಲಿ ಕೂತು ಬೇರೆ ಮಾಡಿಸಿದೆ. ಅಲ್ಲಿ ಕಲಿತದ್ದು ಇಷ್ಟು.

ಕಬ್ಬಿಣವನ್ನು ಉಕ್ಕು ಮಾಡುವುದು ಇಂಗಾಲ. ಬುಕಾನನ್ ಎಂಬಾತ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಕಾಸಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಆ ಕಡ್ಡಿಯ ಇಂಗಾಲವೇ ಕಬ್ಬಿಣಕ್ಕೆ ಸೇರುತ್ತಿದ್ದದ್ದು.

ಕಿಟಕಿ ಸರಳಿನಂಥ ಮೆದು ಕಬ್ಬಿಣದಲ್ಲಿ 100 ಕಿಲೋಗೆ ಕಾಲು ಕಿಲೋ ಇಂಗಾಲವೂ ಇರುವುದಿಲ್ಲ. ಎಷ್ಟು ಕಾಸಿ ಅದ್ದಿದರೂ ಚಾಕುವಿಗೆ ಬೇಕಾದ ಗಡಸು ಬಾರದು. ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಗಡಸೂ ಆಗುತ್ತದೆ, ಬಗ್ಗಿದರೆ ತಡೆಯುತ್ತದೆ. ಹಳೇ ಅರದಲ್ಲಿ ಒಂದು ಕಿಲೋ ಆಸುಪಾಸು. ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ತಿರುಚಿದರೆ ಚಟ್ಟನೆ ಮುರಿಯುತ್ತದೆ. ಅಗ್ಗದ ಅರಗಳಲ್ಲಿ ಕೆಲವಕ್ಕೆ ಮೇಲ್ಪದರ ಮಾತ್ರ ಗಡಸು, ಒಳಗೆ ಮೆದು.

ಸ್ಟೇನ್‌ಲೆಸ್ಸಿಗೆ ತುಕ್ಕು ಕಡಿಮೆ. ಚಾಕುವಿಗೆಂದೇ ಮಾಡಿದ ಒಳ್ಳೇ ಸ್ಟೇನ್‌ಲೆಸ್ ಇದೆ. ಆದರೆ ಅದಕ್ಕೆ ಶಾಖ ಅಳೆದು ಕೊಡಬೇಕು, ಇದ್ದಿಲ ಕುಲುಮೆಯಲ್ಲಿ ಕಷ್ಟ. ಊಟದ ತಟ್ಟೆಯ ಸ್ಟೀಲಂತೂ ಕಾಸಿ ತಣಿಸಿದರೆ ಗಡಸಾಗುವುದೇ ಇಲ್ಲ.

ನಮ್ಮ ಕೆಲಸಕ್ಕೆ ಲಾರಿ ಪ್ಲೇಟೇ ಸರಿ. ಮಾಡಿಸುವಾಗ ಇವನ್ನು ಗಮನಿಸಿ:

1. ತುಂಡನ್ನು ಸಾಣೆಚಕ್ರಕ್ಕೆ ಹಿಡಿಯಿರಿ. ಕಿಡಿ ಉದ್ದಕ್ಕೆ ಗೆರೆಯಂತೆ ಹೋದರೆ ಮೆದು ಕಬ್ಬಿಣ. ನಕ್ಷತ್ರಕಡ್ಡಿಯಂತೆ ಒಡೆದು ಚದುರಿದರೆ ಉಕ್ಕು.

2. ಮುರಿದ ಪ್ಲೇಟಾದರೆ ಮುರಿದ ಜಾಗದ ಹತ್ತಿರದ್ದು ಬೇಡ. ಕಣ್ಣಿಗೆ ಕಾಣದ ಬಿರುಕು ಇರಬಹುದು.

3. ಕೆಂಪಗೆ ಕಾಸಿ, ಅಯಸ್ಕಾಂತ ಹಿಡಿಯದಂತಾದ ಮೇಲೆ ಇನ್ನೊಂಚೂರು ಕಾಸಿ, ಎಣ್ಣೆಯಲ್ಲಿ ಅದ್ದಬೇಕು. ನೀರಿಗೆ ಹಾಕಿದರೆ ಸೀಳುವ ಭಯ.

4. ತಣಿದ ಮೇಲೆ ಅರ ಉಜ್ಜಿ ನೋಡಿ. ಕಚ್ಚದೆ ಜಾರಿದರೆ ಗಡಸಾಗಿದೆ.

5. ಈಗದು ಗಾಜಿನಂತೆ, ಹಾಗೇ ಬಳಸಬಾರದು. ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ನಿಧಾನ ಕಾಸಿದರೆ ಬಣ್ಣ ಏರುತ್ತದೆ: ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ. ಬಾಯಿಗೆ ಹಳದಿ ದಾಟಿ ಕಂದು ಬರುವಾಗ ನಿಲ್ಲಿಸಬೇಕು. ನೀಲಿಗೆ ಹೋದರೆ ಮೆದುವಾಯ್ತು.

ಮುಂದೆ ಕರೆಂಟಿನ ಸಾಣೆಗೆ ಕೊಟ್ಟಾಗಲೂ ಇದೇ ಎಚ್ಚರ. ಬಾಯಿ ನೀಲಿಯಾದರೆ ಹದ ಹೋಯ್ತು ಅಂತಲೇ. ಮನೆಯಲ್ಲಿ ನೀರು ಹಾಕಿ ಕಲ್ಲಿನ ಮೇಲೆ ಮಸೆಯುವುದು ವಾಸಿ.

ಈ ಚಾಕುವಿಗೆ ನಮ್ಮ ಮಳೆಗಾಲದಲ್ಲಿ ತುಕ್ಕು ಬರುತ್ತದೆ, ಸುಳ್ಳು ಹೇಳಬಾರದು. ಅಡಿಕೆ ಹೆಚ್ಚಿದರೆ ಕಪ್ಪಾಗುತ್ತದೆ. ಅದು ಒಗರಿನ ಕರೆ, ಹೆದರಬೇಕಿಲ್ಲ. ತೊಳೆದು ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಇಟ್ಟರಾಯ್ತು.

ಕೊನೆಯ ಮಾತು. ಪ್ಲೇಟು ಗುಜರಿಯಲ್ಲಿ ಸಿಗುತ್ತದೆ. ಬಣ್ಣ ನೋಡಿ ಹದ ಹಿಡಿಯುವ ಕಣ್ಣು ಆಚಾರರದ್ದು. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಕುಲುಮೆ ಆರಿದರೆ ಮತ್ತೆ ನಮಗೆ ಸಂತೆಯ ಹೊಳೆಯುವ ಚಾಕುವೇ ಗತಿ.